ಗರ್ಭಕೋಶದ ಬಾಯಲ್ಲಿ ಗಡ್ಡೆ ಅಂದ್ರೆ ಗರ್ಭಕೋಶನೇ ತೆಗೀಬೇಕಾ?

ಜಗಳೂರು_ಆಶಾ
ಎಲ್ಲರಿಗೂ ನಮಸ್ಕಾರ. ಒಂದು ವಿಷಯ ಬಿಡಿಸಿ ಹೇಳಿ. ನಮ್ಮ ಕಡೆ ಹೆಣ್ಮಕ್ಳು ಸ್ಕ್ಯಾನಿಂಗ್ ರಿಪೋರ್ಟ್ ಹಿಡ್ಕೊಂಡು ಬರ್ತಾರೆ. ಒಬ್ಬರದ್ರಲ್ಲಿ ಸರ್ವೈಕಲ್ ಪಾಲಿಪ್ ಅಂತ ಇರುತ್ತೆ, ಇನ್ನೊಬ್ಬರದ್ರಲ್ಲಿ ನೆಬೋಥಿಯನ್ ಸಿಸ್ಟ್, ಮತ್ತೊಬ್ಬರದ್ರಲ್ಲಿ ಸರ್ವೈಕಲ್ ಫೈಬ್ರಾಯ್ಡ್. ಊರಲ್ಲಿ ಮೂರಕ್ಕೂ ಒಂದೇ ಹೆಸರು, ಗಡ್ಡೆ. ಗಡ್ಡೆ ಅಂದ ಕೂಡ್ಲೇ ಕ್ಯಾನ್ಸರ್ ಅಂತ ಮನೆಮಂದಿಯೆಲ್ಲ ಅಳೋದು, ಆಮೇಲೆ "ಹೆಂಗೂ ಮಕ್ಳಾಗ್ಯಾವೆ, ಚೀಲನೇ ತೆಗೆಸಿಬಿಡು" ಅಂತ ಅಕ್ಕಪಕ್ಕದವರ ತೀರ್ಮಾನ. ಮೆಕ್ಕೆಜೋಳ ಮಾರಿದ ದುಡ್ಡು ಅಲ್ಲಿಗೆ ಸರಿಹೋಗುತ್ತೆ. ಯಾವುದಕ್ಕೆ ಏನು ಚಿಕಿತ್ಸೆ, ಯಾವುದನ್ನ ಹಂಗೇ ಬಿಡಬಹುದು, ಯಾವುದನ್ನ ತಡ ಮಾಡದೆ ದಾವಣಗೆರೆಗೆ ಕಳಿಸ್ಬೇಕು? ಈ ಕೆಲಸ ಮಾಡೋರು ದಯವಿಟ್ಟು ಬರೀರಿ.

ಕೋಟೆನಾಡು
ಗಡ್ಡೆ ಅಂದ್ಮೇಲೆ ತೆಗೆಸೋದೇ ಒಳ್ಳೇದಲ್ವಾ ಅಕ್ಕ? ಇಟ್ಕೊಂಡು ಏನು ಮಾಡೋದು?

ಒಬಿಜಿ_ದಾವಣಗೆರೆ
ಗಡ್ಡೆ ತೆಗೆಸೋದು ಬೇರೆ, ಗರ್ಭಕೋಶ ತೆಗೆಸೋದು ಬೇರೆ. ಊರಲ್ಲಿ ಇವೆರಡನ್ನೂ ಒಂದು ಮಾಡಿಕೊಂಡಿರೋದ್ರಿಂದಲೇ ಇಷ್ಟೆಲ್ಲ ಅನಾಹುತ.

ಮೊದಲು ಪಾಲಿಪ್. ಗರ್ಭಕೋಶದ ಬಾಯಿಯ ಒಳದಾರಿಯಿಂದ ತೊಟ್ಟಿನ ಮೇಲೆ ನೇತಾಡುವ ಮೆತ್ತಗಿನ ಮಾಂಸ ಅದು. ದಾಳಿಂಬೆ ಬೀಜದಷ್ಟೇ ಕೆಂಪು, ಹೆಚ್ಚಿನವು ಆ ಬೀಜದಷ್ಟೇ ದಪ್ಪ. ಕೆಲವು 2-3 ಸೆಂ.ಮೀ.ವರೆಗೂ ಬೆಳೆಯುತ್ತವೆ. ಹೆರಿಗೆ ಆದವರಲ್ಲಿ, 40ರಿಂದ 60ರ ವಯಸ್ಸಿನವರಲ್ಲಿ ಹೆಚ್ಚು. ಕೂಡಿದ ಮೇಲೆ ರಕ್ತ, ಮುಟ್ಟಿನ ನಡುವೆ ಕಲೆ, ಬಿಳಿಸೆರಗು, ಇಷ್ಟೇ ಲಕ್ಷಣ. ಎಷ್ಟೋ ಜನಕ್ಕೆ ಅದೂ ಇರುವುದಿಲ್ಲ. ಕ್ಯಾನ್ಸರ್ ಕಾಣುವುದು ನೂರರಲ್ಲಿ ಒಂದಕ್ಕಿಂತ ಕಡಿಮೆ ಪಾಲಿಪ್‌ನಲ್ಲಿ, ಅದೂ ಮುಟ್ಟು ನಿಂತ ಮೇಲೆ ರಕ್ತ ಕಂಡವರಲ್ಲಿ ಹೆಚ್ಚು.

ತೆಗೆಯುವ ವಿಧಾನ ಹೀಗೆ. ಸ್ಪೆಕ್ಯುಲಂ (ಯೋನಿಯನ್ನು ಅಗಲಿಸಿ ಹಿಡಿಯುವ ಉಪಕರಣ) ಹಾಕಿ ಬಾಯಿ ಚೆನ್ನಾಗಿ ಕಾಣುವಂತೆ ಮಾಡಬೇಕು, ಬೆಟಾಡಿನ್‌ನಲ್ಲಿ ಒರೆಸಬೇಕು. ಪಾಲಿಪ್ ಫೋರ್ಸೆಪ್ಸ್ ಅಥವಾ ಸ್ಪಾಂಜ್ ಹೋಲ್ಡರ್‌ನಿಂದ ತೊಟ್ಟನ್ನು ಬುಡದ ಹತ್ತಿರವೇ ಹಿಡಿಯಬೇಕು, ತುದಿಯ ಉಂಡೆಯನ್ನಲ್ಲ. ಆಮೇಲೆ ಒಂದೇ ದಿಕ್ಕಿಗೆ ನಿಧಾನವಾಗಿ ತಿರುಗಿಸುತ್ತಾ ಹೋಗಬೇಕು. ಬತ್ತಿ ಹೊಸೆದಂತೆ ತೊಟ್ಟು ಸುರುಳಿಯಾಗಿ ಸಣ್ಣಗಾಗುತ್ತದೆ, ಬಣ್ಣ ಬಿಳಚುತ್ತದೆ, ಒಳಗಿನ ರಕ್ತನಾಳ ಮುಚ್ಚಿಕೊಳ್ಳುತ್ತದೆ. ಅಷ್ಟು ಹೊತ್ತಿಗೆ ಅದು ತಾನಾಗಿ ಕೈಗೆ ಬರುತ್ತದೆ. ಎಳೆಯಬಾರದು. ಎಳೆದರೆ ತೊಟ್ಟು ನಡುವೆ ಹರಿದು ಬುಡ ಒಳಗೇ ಉಳಿಯುತ್ತದೆ, ರಕ್ತವೂ ಬರುತ್ತದೆ, ಮತ್ತೆ ಬೆಳೆಯುತ್ತದೆ. ಅರಿವಳಿಕೆ ಸಾಮಾನ್ಯವಾಗಿ ಬೇಡ. ಮುಟ್ಟಿನ ನೋವಿನಷ್ಟು ನೋವು, ಕೆಲವೇ ನಿಮಿಷದ ಕೆಲಸ, ಅದೇ ದಿನ ಮನೆಗೆ.

ನರ್ಸಕ್ಕ_ಹರಿಹರ
ಮೇಡಂ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ಟೇಬಲ್ ಮೇಲೆ ಮಲಗಿಸೋಕೆ ಮೊದಲು ಮೂರು ಕೇಳ್ಬೇಕು. ಕೊನೇ ಮುಟ್ಟು ಯಾವತ್ತು, ಬಸುರಿ ಇರೋ ಸಾಧ್ಯತೆ ಐತಾ, ರಕ್ತ ತೆಳು ಮಾಡೋ ಮಾತ್ರೆ ತಗೋತೀರಾ. ಆಸ್ಪಿರಿನ್, ಕ್ಲೋಪಿಡೋಗ್ರೆಲ್, ವಾರ್ಫರಿನ್ ಅಂದ್ರೆ ಹೆಸರು ಗೊತ್ತಾಗಲ್ಲ, "ಹಾರ್ಟಿನ ಮಾತ್ರೆ ಐತಾ" ಅಂತ ಕೇಳಿದ್ರೆ ತಕ್ಷಣ ಹೇಳ್ತಾರೆ. ಆದ್ರೆ ಆ ಮಾತ್ರೇನ ಮನೇಲಿ ತಾವಾಗೇ ನಿಲ್ಲಿಸೋದು ಬೇಡ, ಹಾರ್ಟಿನ ಡಾಕ್ಟರ್ ಹೇಳಿದಂಗೆ ಮಾಡ್ಬೇಕು.

ದಿನ ಗೊತ್ತು ಮಾಡುವಾಗ ಮುಟ್ಟು ಮುಗಿದ ಮೊದಲ ವಾರ ಒಳ್ಳೇದು. ಬಾಯಿ ಚೆನ್ನಾಗಿ ಕಾಣುತ್ತೆ, ಬಸುರಿನ ಅನುಮಾನ ಇರಲ್ಲ, ಆಮೇಲೆ ಬರೋ ರಕ್ತ ಮುಟ್ಟಿಂದಾ ಗಾಯದ್ದಾ ಅನ್ನೋ ಗೊಂದಲಾನೂ ಇರಲ್ಲ.

ಚಳ್ಳಕೆರೆ_ಶೇಂಗಾ
ತೆಗೆದ್ಮೇಲೆ ರಕ್ತ ನಿಲ್ಲಿಲ್ಲಾಂದ್ರೆ?

ನರ್ಸಕ್ಕ_ಹರಿಹರ
ಮೊದಲು ಗಾಜ್ ಬಟ್ಟೆ ಒತ್ತಿ ಹಿಡಿಯೋದು, ಬಹಳಷ್ಟು ಸಲ ಅದಕ್ಕೇ ನಿಲ್ಲುತ್ತೆ. ನಿಲ್ಲದಿದ್ರೆ ಸಿಲ್ವರ್ ನೈಟ್ರೇಟ್ ಕಡ್ಡಿ ಮುಟ್ಟಿಸ್ತಾರೆ, ಇಲ್ಲಾ ರಕ್ತ ಹೆಪ್ಪುಗಟ್ಟಿಸೋ ಮಾನ್ಸೆಲ್ ಪೇಸ್ಟ್ ಹಚ್ತಾರೆ. ಮಾನ್ಸೆಲ್ ಹಚ್ಚುವಾಗ ಬಹಳ ಜನ ತಪ್ಪು ಮಾಡೋದು ಎಲ್ಲಿ ಅಂದ್ರೆ, ರಕ್ತ ತುಂಬಿದ ಜಾಗಕ್ಕೆ ಹಂಗೇ ಸುರೀತಾರೆ. ಮೊದಲು ಒಣಗಿದ ಗಾಜ್ ಬಟ್ಟೇಲಿ ಒತ್ತಿ ಒರೆಸಿ, ಆ ಕ್ಷಣದಲ್ಲೇ ಹತ್ತಿ ಕಡ್ಡೀಲಿ ಗಟ್ಟಿ ಪೇಸ್ಟ್ ಒತ್ತಿ ಹಿಡೀಬೇಕು. ತೆಳ್ಳಗಿದ್ರೆ ಹರಿದು ಹೋಗುತ್ತೆ. ಹಚ್ಚಿದ್ಮೇಲೆ ಎರಡು ಮೂರು ದಿನ ಕಾಫಿ ಚರಟದಂಥ ಕರೀ ಸ್ರಾವ ಬರುತ್ತೆ ಅಂತ ಮೊದಲೇ ಹೇಳಿ ಕಳಿಸ್ಬೇಕು. ಇಲ್ಲಾಂದ್ರೆ ಕೊಳೆತು ಬರ್ತಾ ಐತೆ ಅಂತ ಹೆದರಿ ರಾತ್ರೋರಾತ್ರಿ ಓಡಿ ಬರ್ತಾರೆ.

ಸ್ಲೈಡ್_ಮೇಜು
ಮಾನ್ಸೆಲ್ ಹಚ್ಚೋದು ಮಾಂಸ ತೆಗೆದ ಮೇಲೆ ಮಾತ್ರ. ಮೊದಲೇ ಹಚ್ಚಿದರೆ ತುಣುಕು ಕೆಟ್ಟು ಮೈಕ್ರೋಸ್ಕೋಪಿನಲ್ಲಿ ಓದೋಕೆ ಕಷ್ಟ.

ಈಗ ನಮ್ಮ ಕಡೆಯ ಮಾತು. ತೆಗೆದ ಪಾಲಿಪ್ ಎಷ್ಟೇ ಚಿಕ್ಕದಿರಲಿ, ಎಷ್ಟೇ ಸಾಧು ಅನಿಸಲಿ, ಹಿಸ್ಟೋಪೆಥಾಲಜಿಗೆ (ತುಣುಕನ್ನ ಮೈಕ್ರೋಸ್ಕೋಪಿನಲ್ಲಿ ನೋಡೋ ಪರೀಕ್ಷೆಗೆ) ಹೋಗಲೇಬೇಕು. ಕಸದ ಬುಟ್ಟಿಗೆ ಹಾಕಿದ ಮೇಲೆ ಅದು ಏನಾಗಿತ್ತು ಅಂತ ಯಾರೂ ಹೇಳೋಕಾಗಲ್ಲ. ಹಾಕಬೇಕಾದ್ದು 10% ಫಾರ್ಮಲಿನ್‌ಗೆ. ಅಂಗಡಿಯ ಫಾರ್ಮಲಿನ್ 1 ಪಾಲು, ನೀರು 9 ಪಾಲು ಸೇರಿದರೆ ಅದು 10% ಆಯ್ತು. ಬಫರ್ ಮಾಡಿದ್ದು ಸಿಕ್ಕರೆ ಇನ್ನೂ ಒಳ್ಳೇದು. ತುಣುಕಿನ ಹತ್ತು ಪಟ್ಟಾದರೂ ದ್ರವ ಇರಬೇಕು.

ಕೆಟ್ಟು ಬರುವ ಸ್ಯಾಂಪಲ್‌ಗಳ ಕಾರಣ ಯಾವಾಗಲೂ ಇವೇ. ಸಲೈನ್‌ನಲ್ಲಿ ಹಾಕಿ ಕಳಿಸೋದು: ನಮ್ಮ ಬಿಸಿಲಿಗೆ ಬಸ್ಸಿನಲ್ಲೇ ಕೊಳೆಯುತ್ತೆ. ಗಾಜ್‌ನಲ್ಲಿ ಸುತ್ತಿ ಕೊಡೋದು: ಒಣಗಿ ಹಪ್ಪಳವಾಗಿರುತ್ತೆ. ಕಿರಿದಾದ ಬಾಯಿಯ ಬಾಟಲಿಗೆ ಒತ್ತಿ ತುರುಕೋದು: ಹಾಕುವಾಗ ಮೆತ್ತಗಿದ್ದದ್ದು ಫಾರ್ಮಲಿನ್‌ನಲ್ಲಿ ಗಟ್ಟಿಯಾಗಿರುತ್ತೆ, ಹೊರಗೆ ಬರಲ್ಲ, ಬಾಟಲಿ ಒಡೀಬೇಕು. ಹೆಸರನ್ನ ಮುಚ್ಚಳದ ಮೇಲೆ ಬರೆಯೋದು: ಎರಡು ಬಾಟಲಿ ಒಟ್ಟಿಗೆ ತೆರೆದರೆ ಮುಚ್ಚಳ ಅದಲುಬದಲಾಗುತ್ತೆ. ಹೆಸರು, ವಯಸ್ಸು, ತಾರೀಖು, ಎಲ್ಲಿಂದ ತೆಗೆದದ್ದು, ಎಲ್ಲ ಬಾಟಲಿಯ ಮೈಮೇಲೇ ಇರಲಿ. ಚೀಟಿಯಲ್ಲಿ ಮುಟ್ಟು ನಿಂತಿದೆಯೋ ಇಲ್ಲವೋ, ಹಾರ್ಮೋನು ಅಥವಾ ಸ್ತನ ಕ್ಯಾನ್ಸರಿಗೆ ಕೊಡುವ ಟ್ಯಾಮಾಕ್ಸಿಫೆನ್ ಮಾತ್ರೆ ಇದೆಯೋ, ಅದನ್ನೂ ಬರೆದರೆ ಸ್ಲೈಡ್ ಓದುವ ಡಾಕ್ಟರಿಗೆ ದೊಡ್ಡ ಉಪಕಾರ.

ಹೊಸದುರ್ಗದವ್ಳು
ಉಪ್ಪಿನಕಾಯಿ ಬಾಟಲಿ ತೊಳೆದು ಕೊಟ್ರೆ ಆಗುತ್ತಾ? ಸಣ್ಣ ನರ್ಸಿಂಗ್ ಹೋಮ್‌ಗಳಲ್ಲಿ ಮನೆಯವರ ಕೈಲೇ ಬಾಟಲಿ ತರಿಸ್ತಾರೆ.

ಸ್ಲೈಡ್_ಮೇಜು
ಅಗಲ ಬಾಯಿ, ಬಿಗಿ ಮುಚ್ಚಳ ಇದ್ದು ಎಣ್ಣೆ ಪಸೆ ಪೂರ್ತಿ ಹೋಗಿದ್ರೆ ಆಗುತ್ತೆ. ಮೇಲೊಂದು ಪ್ಲಾಸ್ಟಿಕ್ ಕವರ್ ಕಟ್ಟಿ. ಫಾರ್ಮಲಿನ್ ಸೋರಿದರೆ ಕಣ್ಣು ಮೂಗು ಉರಿಯುತ್ತೆ, ಬಸ್ಸಲ್ಲಿ ಮಕ್ಕಳ ಕೈಗೆ ಸಿಗೋ ಜಾಗದಲ್ಲಿ ಇಡಬೇಡಿ. ಊಟದ ಬುತ್ತಿ ಇರೋ ಚೀಲದಲ್ಲಂತೂ ಬೇಡವೇ ಬೇಡ.

ಸ್ಕ್ಯಾನ್_ರೂಮ್
ನೆಬೋಥಿಯನ್ ಸಿಸ್ಟ್ ಬಗ್ಗೆ ನಾನು ಹೇಳ್ತೀನಿ. ಅದು ಗಡ್ಡೆಯೇ ಅಲ್ಲ. ಗರ್ಭಕೋಶದ ಬಾಯಲ್ಲಿ ಲೋಳೆ ಸುರಿಸುವ ಗ್ರಂಥಿಗಳಿವೆ. ಹೆರಿಗೆ ಆದ ಮೇಲೆ, ಹಳೇ ಉರಿಯೂತ ಮಾಯುವಾಗ, ಹೊಸ ಚರ್ಮ ಅವುಗಳ ಬಾಯಿ ಮುಚ್ಚುತ್ತೆ. ಲೋಳೆ ಒಳಗೇ ನಿಂತು ಬೆಂದ ಸಬ್ಬಕ್ಕಿ ಕಾಳಿನಂಥ ಗುಳ್ಳೆಯಾಗುತ್ತೆ. ಹೆಚ್ಚಿನವು 1 ಸೆಂ.ಮೀ. ಒಳಗೇ ಇರುತ್ತವೆ. ಸ್ಕ್ಯಾನ್‌ನಲ್ಲಿ ಕಂಡದ್ದನ್ನೆಲ್ಲ ಬರೆಯೋದು ನಮ್ಮ ಕೆಲಸ, ಅದಕ್ಕೆ ಬರೀತೀವಿ. ಬರೆದ ಮಾತ್ರಕ್ಕೆ ರೋಗ ಅಲ್ಲ. ಚಿಕಿತ್ಸೆ ಬೇಡ, ಮಾತ್ರೆ ಬೇಡ, ಆರಾರು ತಿಂಗಳಿಗೆ ಮತ್ತೆ ಸ್ಕ್ಯಾನ್‌ಗೆ ದುಡ್ಡು ಕೊಡೋದೂ ಬೇಡ. ತೀರಾ ದೊಡ್ಡದಾಗಿ ಒತ್ತಡ ಕೊಡುತ್ತಿದ್ದರೆ, ಅಥವಾ ಇದು ಸಿಸ್ಟೇ ಹೌದಾ ಅಂತ ಅನುಮಾನ ಇದ್ದರೆ ಮಾತ್ರ ಚುಚ್ಚಿ ಲೋಳೆ ತೆಗೆಯೋದೋ, ತುಣುಕು ಪರೀಕ್ಷೆಯೋ.

ಜಗಳೂರು_ಆಶಾ
ಅಣ್ಣ, ಇದೊಂದು ಉತ್ತರನೇ ನಮ್ಮೂರಲ್ಲಿ ಎಷ್ಟೋ ಜನರ ನಿದ್ದೆ ಉಳಿಸುತ್ತೆ.

ಪಿಬಿ_ರೋಡ್_ಮೆಡಿಕಲ್
ಪಾಲಿಪ್ ಕರಗಿಸೋಕೆ ಮಾತ್ರೆ ಕೊಡಿ ಅಂತ ಚೀಟಿ ಇಲ್ಲದೆ ಕೇಳ್ತಾರೆ. ಹಂಗೆ ಕರಗಿಸೋ ಮಾತ್ರೆ ಇಲ್ಲ. ಟ್ರಾನೆಕ್ಸಾಮಿಕ್ ಆಸಿಡ್ ರಕ್ತ ಕಡಿಮೆ ಮಾಡುತ್ತೆ ಅಷ್ಟೇ, ಒಳಗಿರೋ ಮಾಂಸ ಅಲ್ಲೇ ಇರುತ್ತೆ. ಬಿಳಿಸೆರಗಿಗೆ ಅಂತ ಒಂದಾದ ಮೇಲೊಂದು ಕಿಟ್ ನುಂಗಿ ತಿಂಗಳುಗಟ್ಟಲೆ ಕಳೀತಾರೆ, ಒಳಗೆ ಸ್ಪೆಕ್ಯುಲಂ ಹಾಕಿ ಒಂದು ಸಲನೂ ನೋಡಿರಲ್ಲ.

ಕೋಟೆನಾಡು
ನಾಟಿ ಔಷಧಿ ಒಳಗೆ ಇಟ್ರೆ ಉದುರಿ ಬೀಳುತ್ತೆ ಅಂತಾರಲ್ಲ?

ಒಬಿಜಿ_ದಾವಣಗೆರೆ
ಉದುರುವುದು ಸುಟ್ಟ ಚರ್ಮ. ಸುಣ್ಣ, ಕ್ಷಾರ, ಗೇರುಬೀಜದ ಎಣ್ಣೆ ಇವೆಲ್ಲ ಒಳಗಿನ ಮೆತ್ತನೆ ಪದರವನ್ನು ಸುಡುತ್ತವೆ. ಮಾಯುವಾಗ ಬಾಯಿ ಬಿಗಿದು ಮುಟ್ಟಿನ ರಕ್ತ ಒಳಗೇ ಕಟ್ಟಿಕೊಳ್ಳಬಹುದು. ದಯವಿಟ್ಟು ಯಾರೂ ಇಡಿಸಿಕೊಳ್ಳಬೇಡಿ.

ಹೊಸದುರ್ಗದವ್ಳು
ನಮ್ಮ ಕಡೆ "ಬಾಯಲ್ಲಿ ಹುಣ್ಣಾಗಿದೆ, ಸುಡಬೇಕು" ಅಂತ ಹೇಳಿ ಕರೆಂಟ್ ಕೊಡ್ತಾರೆ. ಅದೂ ಇದರಲ್ಲೇ ಬರುತ್ತಾ?

ಒಬಿಜಿ_ದಾವಣಗೆರೆ
ಬಹಳ ಒಳ್ಳೆ ಪ್ರಶ್ನೆ. ಇರೋಷನ್ ಅಂತ ಚೀಟಿಯಲ್ಲಿ ಬರೆಯುವುದರಲ್ಲಿ ಹೆಚ್ಚಿನವು ಹುಣ್ಣೇ ಅಲ್ಲ, ಎಕ್ಟ್ರೋಪಿಯನ್. ಬಾಯಿಯ ಒಳಗಿನ ಕೆಂಪು ಪದರ ಹೊರಗೆ ಮಗುಚಿಕೊಂಡಿರುತ್ತದೆ. ಹರೆಯದವರಲ್ಲಿ, ಬಸುರಿಯರಲ್ಲಿ, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇದು ಸಹಜ. ತೊಂದರೆ ಇಲ್ಲದಿದ್ದರೆ ಸುಡುವ ಅಗತ್ಯವೇ ಇಲ್ಲ. ಕೂಡಿದಾಗಲೆಲ್ಲ ರಕ್ತ, ತಡೆಯಲಾಗದಷ್ಟು ಸ್ರಾವ ಇದ್ದರೆ ಮಾತ್ರ ಕ್ರಯೋ (ತಂಪಿನಿಂದ ಹೆಪ್ಪುಗಟ್ಟಿಸುವುದು) ಅಥವಾ ಕಾಟರಿ (ಕರೆಂಟಿನಿಂದ ಸುಡುವುದು). ಅದಕ್ಕೂ ಮೊದಲು ಪ್ಯಾಪ್ ಸ್ಮಿಯರ್ (ಬಾಯಿಯಿಂದ ಕೆರೆದು ತೆಗೆದ ಕೋಶಗಳ ಪರೀಕ್ಷೆ) ಅಥವಾ ಕ್ಯಾನ್ಸರ್ ತರುವ ವೈರಸ್ ಹುಡುಕುವ ಎಚ್‌ಪಿವಿ ಪರೀಕ್ಷೆ ಆಗಿರಬೇಕು. ಪರೀಕ್ಷೆ ಇಲ್ಲದೆ ಸುಟ್ಟರೆ ಅಡಿಯಲ್ಲಿ ಕ್ಯಾನ್ಸರ್ ಶುರುವಾಗಿದ್ದರೂ ಮುಚ್ಚಿ ಹೋಗುತ್ತದೆ.

ನರ್ಸಕ್ಕ_ಹರಿಹರ
ಕ್ರಯೋ ಆದವರಿಗೆ ನೀರಿನಂಥ ಸ್ರಾವ ಎರಡರಿಂದ ನಾಲ್ಕು ವಾರ ಇರುತ್ತೆ. ಪ್ಯಾಡ್ ಇಟ್ಕೋಬೇಕು, ಒಳಗೆ ಬಟ್ಟೆ, ಹತ್ತಿ ತುರುಕಬಾರದು. ನಾಲ್ಕು ವಾರ ಗಂಡ ಹೆಂಡತಿ ಸೇರಬಾರದು. ಇದನ್ನ ಹೆಂಡತಿಗೊಬ್ಬಳಿಗೇ ಹೇಳಿದ್ರೆ ಸಾಲಲ್ಲ, ಗಂಡನ್ನೂ ಒಳಗೆ ಕರೆದು ಹೇಳ್ಬೇಕು.

ಚಳ್ಳಕೆರೆ_ಶೇಂಗಾ
ಪಾಲಿಪ್ ತೆಗೆಸಿದವರಿಗೂ ನಾಲ್ಕು ವಾರನಾ? ಶೇಂಗಾ ಬಿತ್ತನೆ ಹೊತ್ತಲ್ಲಿ ಯಾರೂ ಒಪ್ಪಲ್ಲ.

ನರ್ಸಕ್ಕ_ಹರಿಹರ
ಇಲ್ಲ ಕಣ್ರೀ, ತೊಟ್ಟಿರೋ ಚಿಕ್ಕ ಪಾಲಿಪ್‌ಗೆ ಒಂದು ವಾರ ಸಾಕು. ಎರಡು ಮೂರು ದಿನ ಕಲೆ ಕಲೆ ರಕ್ತ ಇರುತ್ತೆ. ಮಾರನೇ ದಿನ ಹಗುರ ಕೆಲಸ ಮಾಡಬಹುದು, ಎರಡು ಮೂರು ದಿನ ಬಿಟ್ಟು ಹೊಲಕ್ಕೂ ಹೋಗಬಹುದು. ಗಂಟೆಗೊಂದು ಪ್ಯಾಡ್ ನೆನೆದ್ರೆ, ಜ್ವರ ಬಂದ್ರೆ, ಕೆಟ್ಟ ವಾಸನೆ ಬಂದ್ರೆ, ಹೊಟ್ಟೆನೋವು ಏರ್ತಾ ಹೋದ್ರೆ ಮಾತ್ರ ತಕ್ಷಣ ವಾಪಸ್ ಬರಬೇಕು.

ಸ್ಕ್ಯಾನ್_ರೂಮ್
ಲಕ್ಷಣ ಇಲ್ಲದ ಪಾಲಿಪ್ ಎಲ್ಲವನ್ನೂ ತೆಗೀಲೇಬೇಕು ಅನ್ನೋದನ್ನ ನಾನು ಒಪ್ಪಲ್ಲ. ಮುಟ್ಟು ಆಗುತ್ತಿರೋ ಹೆಂಗಸು, ಚಿಕ್ಕ ಪಾಲಿಪ್, ಸ್ಮಿಯರ್ ಚೆನ್ನಾಗಿದೆ, ರಕ್ತ ಇಲ್ಲ ಅಂದ್ರೆ ನೋಡ್ತಾ ಇರಬಹುದು.

ಒಬಿಜಿ_ದಾವಣಗೆರೆ
ಪುಸ್ತಕದ ಪ್ರಕಾರ ನಿಮ್ಮ ಮಾತು ಸರಿ. ಆದರೆ "ನೋಡ್ತಾ ಇರೋಣ" ಅಂದವರು ಎಷ್ಟು ಜನ ಮರಳಿ ಬರುತ್ತಾರೆ? ಮೊಳಕಾಲ್ಮೂರಿನಿಂದ ಕೂಲಿ ಬಿಟ್ಟು ಬಂದವರನ್ನು ಬರಿಗೈಲಿ ಕಳಿಸುವ ಬದಲು, ಅವರು ಒಪ್ಪಿದರೆ ಅದೇ ಭೇಟಿಯಲ್ಲಿ ತೆಗೆದು ಲ್ಯಾಬಿಗೆ ಕಳಿಸುವುದು ನನಗೆ ಸರಿ ಅನಿಸುತ್ತದೆ. ಮುಟ್ಟು ನಿಂತವರಲ್ಲಂತೂ ಬಿಡಬಾರದು. ಅವರಲ್ಲಿ ಬಾಯಿಯ ಪಾಲಿಪ್ ಜೊತೆ ಗರ್ಭಕೋಶದ ಒಳಗೂ ಪಾಲಿಪ್ ಇರುವುದು ಅಪರೂಪವಲ್ಲ. ರಕ್ತ ಕಂಡಿದ್ದರೆ ಯೋನಿಯ ಒಳಗಿನಿಂದ ಮಾಡುವ ಟ್ರಾನ್ಸ್‌ವಜೈನಲ್ ಸ್ಕ್ಯಾನ್ ಮಾಡಿ ಒಳಪದರದ ದಪ್ಪ ನೋಡಬೇಕು. 4 ಮಿ.ಮೀ. ದಾಟಿದ್ದರೆ ಒಳಪದರದ ತುಣುಕು ಪರೀಕ್ಷೆ. ಹೊರಗೆ ಕಂಡ ಪಾಲಿಪ್ ತೆಗೆದು "ರಕ್ತಕ್ಕೆ ಕಾರಣ ಸಿಕ್ಕಿತು" ಅಂತ ಸುಮ್ಮನಾದರೆ ಒಳಗಿನ ಕ್ಯಾನ್ಸರ್ ತಪ್ಪಿಹೋಗುತ್ತದೆ.

ಸ್ಕ್ಯಾನ್_ರೂಮ್
ಮುಟ್ಟು ನಿಂತವರ ವಿಷಯದಲ್ಲಿ ನನ್ನದೂ ಅದೇ ಮಾತು. ಉಳಿದವರಿಗೆ ಎರಡೂ ದಾರಿ ಹೇಳಿ, ಅವರೇ ಆರಿಸಲಿ.

ಜಗಳೂರು_ಆಶಾ
ಬಸುರಿ ಇದ್ರೆ?

ಒಬಿಜಿ_ದಾವಣಗೆರೆ
ಬಸುರಿಯಲ್ಲಿ ಕಂಡ ಪಾಲಿಪ್ ಮುಟ್ಟದಿರುವುದೇ ಸರಿ. ವಿಪರೀತ ರಕ್ತ ಇದ್ದರೆ ಅಥವಾ ನೋಟದಲ್ಲೇ ಕೆಟ್ಟದ್ದು ಅನಿಸಿದರೆ ಮಾತ್ರ ದೊಡ್ಡ ಆಸ್ಪತ್ರೆಯಲ್ಲಿ ನಿರ್ಧಾರ. ಉಳಿದವರಿಗೆ ಹೆರಿಗೆಯಾದ 6 ವಾರಕ್ಕೆ ಮತ್ತೆ ನೋಡಬೇಕು, ಕೆಲವು ಅಷ್ಟರಲ್ಲಿ ತಾವಾಗೇ ಹೋಗಿರುತ್ತವೆ. ಬಸುರಿಯಲ್ಲಿ ರಕ್ತ ಬಂದರೆ ಪಾಲಿಪ್ ಅಂತ ಊಹಿಸಿ ಕೂರಬಾರದು. ಕಸ (ಪ್ಲಾಸೆಂಟಾ) ಕೆಳಗಿದೆಯಾ ಅಂತ ಸ್ಕ್ಯಾನ್ ಮೊದಲು, ಬೆರಳು ಹಾಕಿ ನೋಡುವುದು ಆಮೇಲೆ.

ಹೊಸದುರ್ಗದವ್ಳು
ಫೈಬ್ರಾಯ್ಡ್ ವಿಷಯ ಯಾರೂ ಎತ್ತಲೇ ಇಲ್ಲ.

ಒಬಿಜಿ_ದಾವಣಗೆರೆ
ಇಲ್ಲಿ ಹುಷಾರಾಗಿರಬೇಕು. ಫೈಬ್ರಾಯ್ಡ್ ಅಂದರೆ ಗರ್ಭಕೋಶದ ಸ್ನಾಯುವಿನಲ್ಲಿ ಬೆಳೆಯುವ, ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲದ ಗಡ್ಡೆ. ಗರ್ಭಕೋಶದ ಬಾಯಿಯಲ್ಲೇ ಹುಟ್ಟುವ ಫೈಬ್ರಾಯ್ಡ್ ಅಪರೂಪ, ಚಿಕ್ಕದಿದ್ದು ತೊಂದರೆ ಕೊಡದಿದ್ದರೆ ಬಿಡಬಹುದು. ದೊಡ್ಡದಾದರೆ ಮುಂದಿನದು ಮೂತ್ರಕೋಶ ಒತ್ತಿ ಉಚ್ಚೆ ಕಟ್ಟಿಸುತ್ತದೆ, ಹಿಂದಿನದು ಮಲಬದ್ಧತೆ ತರುತ್ತದೆ. ಮಕ್ಕಳು ಬೇಕಿದ್ದವರಿಗೆ, ಗರ್ಭಕೋಶ ಉಳಿಸಿಕೊಳ್ಳಬೇಕು ಅನ್ನುವವರಿಗೆ ಗಡ್ಡೆ ಮಾತ್ರ ತೆಗೆಯುವ ಮಯೋಮೆಕ್ಟಮಿ ಇದೆ. ಕಷ್ಟ ಇರುವುದು ಜಾಗದಲ್ಲಿ. ಕಿಡ್ನಿಯಿಂದ ಬರುವ ಮೂತ್ರನಾಳ ಪಕ್ಕದಲ್ಲೇ ಹಾದುಹೋಗುತ್ತದೆ, ಗಡ್ಡೆ ಅದನ್ನು ಎಲ್ಲಿಗೋ ತಳ್ಳಿರುತ್ತದೆ. ಅದಕ್ಕೇ ಗಡ್ಡೆಯ ಕವಚ ಸೀಳಿ, ಕವಚದ ಒಳಗಿನಿಂದಲೇ ಬಿಡಿಸಿ ತೆಗೆಯುತ್ತಾರೆ. ಕವಚದ ಹೊರಗೆ ಕತ್ತರಿ ಹೋದರೆ ಮೂತ್ರನಾಳಕ್ಕೆ ಅಪಾಯ. ರಕ್ತ ಹೊಂದಿಸಿ ಇಟ್ಟುಕೊಂಡೇ ಒಳಗೆ ಹೋಗಬೇಕು. ಕೆಲವರಿಗೆ ಆಪರೇಷನ್‌ಗೆ ಮೊದಲು ಲ್ಯುಪ್ರೊಲೈಡ್ 3.75 ಮಿ.ಗ್ರಾಂ. ಚುಚ್ಚುಮದ್ದು ತಿಂಗಳಿಗೊಂದರಂತೆ ಮೂರು ತಿಂಗಳು ಕೊಟ್ಟು ಗಡ್ಡೆ ಕುಗ್ಗಿಸುತ್ತಾರೆ. ನಿಲ್ಲಿಸಿದರೆ ಮತ್ತೆ ಬೆಳೆಯುತ್ತದೆ, ಹಾಗಾಗಿ ಅದೊಂದೇ ಚಿಕಿತ್ಸೆಯಲ್ಲ. ಇದು ಸಣ್ಣ ನರ್ಸಿಂಗ್ ಹೋಮ್‌ನ ಕೆಲಸವಲ್ಲ, ಮೆಡಿಕಲ್ ಕಾಲೇಜು ಆಸ್ಪತ್ರೆಗೇ ಕಳಿಸಿ.

ಇನ್ನೊಂದು, ನೀವೆಲ್ಲ ಗಟ್ಟಿಯಾಗಿ ನೆನಪಿಡಬೇಕಾದ್ದು. ಗರ್ಭಕೋಶದ ಒಳಗೆ ಹುಟ್ಟಿದ ಫೈಬ್ರಾಯ್ಡ್ ಉದ್ದ ತೊಟ್ಟಿನ ಮೇಲೆ ಜಾರಿ ಬಾಯಿಯಿಂದ ಹೊರಗೆ ಇಣುಕುತ್ತದೆ. ಮೇಲ್ನೋಟಕ್ಕೆ ಥೇಟ್ ಪಾಲಿಪ್. ಬೆರಳಿಗೆ ಮಾತ್ರ ಗಟ್ಟಿ, ಬಣ್ಣ ಬಿಳಿಚು ಕೆಂಪು, ತೊಟ್ಟು ಹೆಬ್ಬೆರಳು ದಪ್ಪ. ಇದನ್ನು ಓಪಿಡಿ ಟೇಬಲ್ ಮೇಲೆ ತಿರುಗಿಸಲು ಹೋದರೆ ರಕ್ತ ನಿಲ್ಲುವುದಿಲ್ಲ, ಎಳೆದರೆ ಗರ್ಭಕೋಶವೇ ಒಳಹೊರಗಾಗಿ ಮಗುಚಬಹುದು. ಓಟಿಯಲ್ಲಿ, ಅರಿವಳಿಕೆಯಲ್ಲಿ, ತೊಟ್ಟು ಕಟ್ಟಿ ಕತ್ತರಿಸಬೇಕು. ಅಗಲ ಬುಡದ ಪಾಲಿಪ್‌ಗೂ ಅಷ್ಟೆ, ಹಿಸ್ಟರೋಸ್ಕೋಪ್ (ಗರ್ಭಕೋಶದ ಒಳಗೆ ನೋಡುವ ದುರ್ಬೀನು) ಹಾಕಿ ಬುಡ ಕಣ್ಣಾರೆ ನೋಡಿ ತೆಗೆಯುವುದೇ ಸರಿ.

ಕೋಟೆನಾಡು
ಹಂಗಾದ್ರೆ ಚಿತ್ರದುರ್ಗದಿಂದ ಎಲ್ಲದಕ್ಕೂ ದಾವಣಗೆರೆಗೇ ಓಡ್ಬೇಕಾ? ನಮ್ಮ ಜಿಲ್ಲಾಸ್ಪತ್ರೆ ಇರೋದು ಯಾಕೆ?

ನರ್ಸಕ್ಕ_ಹರಿಹರ
ಸಾಮಾನ್ಯ ಪಾಲಿಪ್‌ಗೆ ಅಲ್ಲಿವರೆಗೂ ಯಾಕೆ ಹೋಗ್ತೀರಿ. ಸ್ತ್ರೀರೋಗ ತಜ್ಞರಿರೋ ತಾಲ್ಲೂಕು ಆಸ್ಪತ್ರೇಲೂ ಆಗುತ್ತೆ, ನಿಮ್ಮ ಜಿಲ್ಲಾಸ್ಪತ್ರೇಲೂ ಆಗುತ್ತೆ, ಇಲ್ಲಿ ದಾವಣಗೆರೆಯ ಚಿಗಟೇರಿ ಸರ್ಕಾರಿ ಆಸ್ಪತ್ರೇಲೂ ಆಗುತ್ತೆ. ಕಾರ್ಡಿನ ವಿಷಯಕ್ಕೂ ಸರ್ಕಾರಿ ಆಸ್ಪತ್ರೆ ಮೊದಲು ನೋಡೋದೇ ಲಾಭ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಐತೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ 30%, ವರ್ಷಕ್ಕೆ 1.5 ಲಕ್ಷದ ಮಿತಿ. ತುರ್ತು ಅಲ್ಲದ ಆಪರೇಷನ್‌ಗೆ ನೇರ ಖಾಸಗಿಗೆ ಹೋದ್ರೆ ಕಾರ್ಡ್ ನಡೆಯಲ್ಲ, ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಮೊದಲೇ ಆಪರೇಷನ್ ಮಾಡಿಸಿಕೊಂಡು ಆಮೇಲೆ ಚೀಟಿ ಕೇಳೋಕೆ ಬರ್ತಾರೆ, ಆಗ ಏನೂ ಮಾಡಕ್ಕಾಗಲ್ಲ.

ಪಿಬಿ_ರೋಡ್_ಮೆಡಿಕಲ್
ಒಂದು ಅನುಮಾನ. ಬಾಯಲ್ಲಿ ಹೂಕೋಸಿನ ಥರ ನರುಲಿ ಬರುತ್ತಲ್ಲ, ಅದಕ್ಕೆ ಪೊಡೊಫಿಲಿನ್ ಹಚ್ಚಬಹುದಾ?

ಒಬಿಜಿ_ದಾವಣಗೆರೆ
ಹೊರಗಿನ ಚರ್ಮದ ನರುಲಿಗೆ ಮಾತ್ರ ಅದು. ಗರ್ಭಕೋಶದ ಬಾಯಿಗೆ ಹಚ್ಚಬಾರದು, ಬಸುರಿಯರಿಗಂತೂ ಎಲ್ಲಿಯೂ ಬೇಡ. ನರುಲಿಗೆ ಹೆಚ್ಚಾಗಿ ಕಾರಣ ಎಚ್‌ಪಿವಿ 6 ಮತ್ತು 11, ಕ್ಯಾನ್ಸರ್ ತರುವ 16, 18 ಬೇರೆ. ಆದರೂ ಹೂಕೋಸಿನಂತೆ ಕಂಡದ್ದೆಲ್ಲ ನರುಲಿ ಅಲ್ಲ, ಕ್ಯಾನ್ಸರೂ ಹಾಗೇ ಕಾಣುತ್ತದೆ. ಮೊದಲು ಬಯಾಪ್ಸಿ, ಆಮೇಲೆ ಚಿಕಿತ್ಸೆ.

ಚಳ್ಳಕೆರೆ_ಶೇಂಗಾ
ಶಿಬಿರದಲ್ಲಿ ವಿನೆಗರ್ ಹಚ್ಚಿ ನೋಡ್ತಾರಲ್ಲ, ಅದರಲ್ಲೇ ಎಲ್ಲ ಗೊತ್ತಾಗಲ್ವಾ?

ನರ್ಸಕ್ಕ_ಹರಿಹರ
ಅದು ವಿಐಎ. 3ರಿಂದ 5% ಅಸಿಟಿಕ್ ಆಸಿಡ್ ಹಚ್ಚಿ ಒಂದು ನಿಮಿಷ ಕಾಯ್ತೀವಿ, ಬೆಳ್ಳಗಾದ ಜಾಗ ಹುಡುಕ್ತೀವಿ. 30ರಿಂದ 65 ವಯಸ್ಸಿನವರಿಗೆ ಐದು ವರ್ಷಕ್ಕೊಮ್ಮೆ. ಪಾಲಿಪ್ ಮೇಲ್ಮೈ, ಸಿಸ್ಟ್ ಮೇಲ್ಮೈನೂ ಬೆಳ್ಳಗಾಗುತ್ತೆ, ಹಂಗಾಗಿ ಬೆಳ್ಳಗಾಯ್ತು ಅಂದ್ರೆ ಕ್ಯಾನ್ಸರ್ ಅಂತಲ್ಲ. ಮುಟ್ಟು ನಿಂತವರಲ್ಲಿ ನೋಡಬೇಕಾದ ಜಾಗ ಒಳಗೆ ಸರಿದಿರುತ್ತೆ, ಅವರಿಗೆ ವಿಐಎ ನಂಬೋಕಾಗಲ್ಲ, ಸ್ಮಿಯರ್ ಅಥವಾ ಎಚ್‌ಪಿವಿ ಪರೀಕ್ಷೆ ಬೇಕು.

ಹೊಸದುರ್ಗದವ್ಳು
ಇಷ್ಟೆಲ್ಲ ದಾರಿ ಇದ್ದೂ ಯಾಕೆ ಚೀಲ ತೆಗೀತಾರೆ ಅಂತ ಹೊಟ್ಟೆ ಉರಿಯುತ್ತೆ.

ಒಬಿಜಿ_ದಾವಣಗೆರೆ
ಅನಗತ್ಯ ಗರ್ಭಕೋಶ ತೆಗೆತದ ವಿಷಯ ಸುಪ್ರೀಂ ಕೋರ್ಟ್‌ವರೆಗೂ ಹೋಗಿದೆ. 2023ರ ಏಪ್ರಿಲ್‌ನಲ್ಲಿ, ಕೇಂದ್ರದ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಮೂರು ತಿಂಗಳಲ್ಲಿ ಜಾರಿಗೆ ತರಬೇಕು ಅಂತ ಕೋರ್ಟ್ ಹೇಳಿತು. ಹೆಣ್ಮಕ್ಕಳಿಗೆ ಹೇಳಬೇಕಾದ್ದು ಇಷ್ಟು: ಪಾಲಿಪ್, ನೆಬೋಥಿಯನ್ ಸಿಸ್ಟ್, ಎಕ್ಟ್ರೋಪಿಯನ್, ಈ ಮೂರಕ್ಕೆ ಗರ್ಭಕೋಶ ತೆಗೆಯುವುದು ಚಿಕಿತ್ಸೆಯಲ್ಲ. ಯಾರಾದರೂ ತೆಗೆಯಬೇಕು ಅಂದರೆ "ಯಾವ ಕಾರಣಕ್ಕೆ ಅಂತ ಚೀಟಿಯಲ್ಲಿ ಬರೆದುಕೊಡಿ" ಅಂತ ಕೇಳಲಿ. "ಅಂಡಾಶಯ ಬಿಡ್ತೀರೋ ತೆಗೀತೀರೋ" ಅಂತಲೂ ಕೇಳಲಿ. 35ಕ್ಕೇ ಅಂಡಾಶಯ ಹೋದರೆ ಮೂಳೆ ಸವೆಯುತ್ತದೆ, ಹೃದಯಕ್ಕೂ ಕೆಡುಕು. ಬಯಾಪ್ಸಿಯಲ್ಲಿ ಕೆಟ್ಟದ್ದು ಬಂದರೆ ಮಾತು ಬೇರೆ, ಆಗ ಒಂದು ದಿನವೂ ತಡ ಬೇಡ.

ಸ್ಲೈಡ್_ಮೇಜು
ಎರಡನೇ ಡಾಕ್ಟರ ಅಭಿಪ್ರಾಯಕ್ಕೆ ಹೋಗುವಾಗ ರಿಪೋರ್ಟ್ ಕಾಗದ ಒಂದೇ ಸಾಲದು. ಲ್ಯಾಬಿನಲ್ಲಿ ಸ್ಲೈಡ್ ಮತ್ತು ಮೇಣದ ಬ್ಲಾಕ್ ಇಟ್ಟಿರ್ತಾರೆ, ಬರೆದು ಕೇಳಿದ್ರೆ ಕೊಡ್ತಾರೆ. ಬೇಸಿಗೇಲಿ ಬ್ಲಾಕನ್ನ ಬಸ್ಸಿನ ಕಿಟಕಿ ಪಕ್ಕ ಬಿಸಿಲಿಗೆ ಇಡಬೇಡಿ, ಮೇಣ ಮೆತ್ತಗಾಗುತ್ತೆ.

ಜಗಳೂರು_ಆಶಾ
ಎಲ್ಲ ಬರ್ಕೊಂಡೆ. ಸಿಸ್ಟ್ ರಿಪೋರ್ಟ್ ಇರೋ ಇಬ್ಬರಿಗೆ ಇವತ್ತೇ ಮನೆಗೆ ಹೋಗಿ ಹೇಳಿ ಬರ್ತೀನಿ. ಪಾಲಿಪ್ ಇರೋರು ಒಬ್ಬರಿಗೆ ಮುಟ್ಟು ನಿಂತು ಮೂರು ವರ್ಷ ಆಗೈತೆ, ಈಗ ರಕ್ತ ಕಾಣ್ತಾ ಐತಂತೆ. ಅವರನ್ನ ಸೋಮವಾರನೇ ಚಿಗಟೇರಿಗೆ ಕರ್ಕೊಂಡು ಬರ್ತೀನಿ. ಹೊಟ್ಟೆ ಖಾಲಿ ಇರ್ಬೇಕಾ ಸಿಸ್ಟರ್?

ನರ್ಸಕ್ಕ_ಹರಿಹರ
ಬೇಡ, ತಿಂಡಿ ತಿನ್ನಿಸಿಕೊಂಡೇ ಕರ್ಕೊಂಡು ಬನ್ನಿ. ಒಳಗಿನ ಸ್ಕ್ಯಾನ್‌ಗೆ ಮೂತ್ರ ಖಾಲಿ ಇರ್ಬೇಕು. ಹಳೇ ಸ್ಕ್ಯಾನ್, ಬಿಪಿ ಶುಗರ್ ಮಾತ್ರೆ ಚೀಟಿ, ಕಾರ್ಡ್, ಎರಡು ಪ್ಯಾಡ್ ಮರೀಬೇಡಿ.